ಮಚ್ಚು ಇಳಿಸಿದ ಮೇಲಿನ ಕಥೆ

ತೆಲುಗಿನಲ್ಲಿ ಸೇಡಿನ ಸಿನಿಮಾಗಳಿಗೆ ಎಂದೂ ಬರ ಬಂದಿಲ್ಲ. ಆದರೆ ಸೇಡು ತೀರಿದ ಮರುದಿನ ಆ ಮನೆಯಲ್ಲಿ ಒಲೆ ಹಚ್ಚುವವರು ಯಾರು ಎಂಬ ಪ್ರಶ್ನೆಯಿಂದಲೇ ಶುರುವಾಗುವ ಸಿನಿಮಾ ನಾನು ನೋಡಿದವುಗಳಲ್ಲಿ ಒಂದೇ: 2018ರ ಅಕ್ಟೋಬರ್ 11ರಂದು, ನವರಾತ್ರಿಯ ಆರಂಭದಲ್ಲಿ ತೆರೆಗೆ ಬಂದ ‘ಅರವಿಂದ ಸಮೇತ ವೀರ ರಾಘವ’. ನಿರ್ದೇಶನ ತ್ರಿವಿಕ್ರಮ್ ಶ್ರೀನಿವಾಸ್ ಅವರದು, ನಾಯಕ ಜೂನಿಯರ್ ಎನ್‌ಟಿಆರ್. ಬಿಡುಗಡೆಯಾಗಿ ಇಷ್ಟು ವರ್ಷ ಕಳೆದರೂ ನಮ್ಮ ಗೌರಿಬಿದನೂರಿನಲ್ಲಿ ಈ ಸಿನಿಮಾದ ಮಾತು ಬಂದರೆ ಅದು ಮೊದಲ ಅರ್ಧ ಗಂಟೆಯ ಹೊಡೆದಾಟದಲ್ಲೇ ನಿಂತುಬಿಡುತ್ತದೆ. ಅದರ ನಂತರದ ಎರಡು ಗಂಟೆಗೂ ಮೀರಿದ ಭಾಗವನ್ನು ‘ಎಳೆದಿದ್ದಾರೆ’ ಎಂದು ತಳ್ಳಿಹಾಕುವವರೇ ಹೆಚ್ಚು. ಆ ಭಾಗದ ಪರವಾಗಿ ಮಾತನಾಡಬೇಕೆಂದು ಬಹಳ ಕಾಲದಿಂದ ಅನ್ನಿಸುತ್ತಿತ್ತು.

ನೋಡದವರಿಗಾಗಿ ಚುಟುಕಾಗಿ ಹೇಳುತ್ತೇನೆ. ರಾಯಲಸೀಮೆಯಲ್ಲಿ ಕೊಮ್ಮದ್ದಿ, ನಲ್ಲಗುಡಿ ಎಂಬ ಎರಡು ಊರು. ಹಿಂದೆಂದೋ ಇಸ್ಪೀಟಿನ ಆಟದಲ್ಲಿ ಐದು ರೂಪಾಯಿಗೆ ಎದ್ದ ಜಗಳ ತಲೆಮಾರು ದಾಟಿ ಕೊಲೆಗಳ ಸರಣಿಯಾಗಿದೆ. ಒಂದು ಕಡೆ ನಾರಪರೆಡ್ಡಿ, ಇನ್ನೊಂದು ಕಡೆ ಬಸಿರೆಡ್ಡಿ. ಹೊರಗೆ ಓದಿಕೊಂಡಿದ್ದ ನಾರಪರೆಡ್ಡಿಯ ಮಗ ವೀರ ರಾಘವ ಊರಿಗೆ ಮರಳುವ ದಾರಿಯಲ್ಲೇ ಬಸಿರೆಡ್ಡಿಯ ಕಡೆಯವರು ಮುಗಿಬೀಳುತ್ತಾರೆ. ಕಣ್ಣೆದುರೇ ತಂದೆಯನ್ನು ಕಳೆದುಕೊಂಡ ಮಗ ಮಚ್ಚು ಹಿಡಿದು ಎದುರಿಗೆ ಬಂದವರನ್ನೆಲ್ಲ ಕೊಚ್ಚಿ ಹಾಕುತ್ತಾನೆ, ಬಸಿರೆಡ್ಡಿಯ ಗಂಟಲಿಗೂ ಇರಿಯುತ್ತಾನೆ. ಬೇರೆ ಸಿನಿಮಾ ಆಗಿದ್ದರೆ ಅಲ್ಲಿಗೆ ಕೊನೆ. ಇಲ್ಲಿ ಆಗಿನ್ನೂ ಶುರು.

ಈ ಜೋಡಣೆಯ ಬೆಲೆ ತಿಳಿಯಬೇಕಾದರೆ ಹಿಂದಿನ ಫ್ಯಾಕ್ಷನ್ ಸಿನಿಮಾಗಳ, ಅಂದರೆ ಸೀಮೆಯ ಮನೆತನಗಳ ಹಗೆಯ ಸಿನಿಮಾಗಳ, ಅಚ್ಚನ್ನು ನೆನಪಿಸಿಕೊಳ್ಳಬೇಕು. 1999ರ ಸಂಕ್ರಾಂತಿಗೆ ಬಂದ ‘ಸಮರಸಿಂಹಾರೆಡ್ಡಿ’, 2001ರ ಸಂಕ್ರಾಂತಿಯ ‘ನರಸಿಂಹ ನಾಯ್ಡು’, 2002ರ ‘ಇಂದ್ರ’. ಮೂರನ್ನೂ ನಿರ್ದೇಶಿಸಿದವರು ಬಿ. ಗೋಪಾಲ್. ಮೊದಲನೆಯದರಲ್ಲಿ ಬಾಲಕೃಷ್ಣ ಹೋಟೆಲಿನ ಆಳು, ಎರಡನೆಯದರಲ್ಲಿ ನೃತ್ಯದ ಮೇಷ್ಟ್ರು, ಮೂರನೆಯದರಲ್ಲಿ ಚಿರಂಜೀವಿ ಕಾಶಿಯಲ್ಲಿ ಟ್ಯಾಕ್ಸಿ ಓಡಿಸುವವನು. ಮೂವರೂ ತಗ್ಗಿದ ತಲೆಯವರು, ಹೊಡೆದರೆ ಹೊಡೆಸಿಕೊಳ್ಳುವವರು. ನಡುವೆ ಯಾರೋ ಬಂದು ಗುರುತು ಹಿಡಿದು ಕಾಲಿಗೆ ಬೀಳುತ್ತಾರೆ. ಇವನು ಸೀಮೆಯ ದೊಡ್ಡ ಒಡೆಯ ಎಂದು ತಿಳಿಯುತ್ತದೆ. ಹಿಂದಿನ ಕಥೆಯಲ್ಲಿ ರಕ್ತ ಹರಿಯುತ್ತದೆ. ಅಷ್ಟು ಹೊತ್ತು ಕಾದು ಕುಳಿತ ಪ್ರೇಕ್ಷಕನಿಗೆ ಆ ರಕ್ತವೇ ಬಹುಮಾನ. ಕಾಯಿಸಿ ಕೊಟ್ಟಿದ್ದರಿಂದ ಅದರ ರುಚಿ ಹೆಚ್ಚು.

ಆ ರುಚಿ ನನಗೆ ಚೆನ್ನಾಗಿ ಗೊತ್ತು. ‘ಸಮರಸಿಂಹಾರೆಡ್ಡಿ’ ಬಂದಾಗ ನಾನು ಕಾಲೇಜಿನಲ್ಲಿದ್ದೆ. ತೆಲುಗು ಸಿನಿಮಾ ಬಿಡುಗಡೆಯ ದಿನವೇ ನೋಡಬೇಕೆಂದರೆ ಪ್ಯಾಸೆಂಜರ್ ರೈಲು ಹತ್ತಿ ಹಿಂದೂಪುರಕ್ಕೆ ಹೋಗುವುದು ನಮ್ಮ ಕಡೆಯ ರೂಢಿ. ವಿದುರಾಶ್ವತ್ಥ ದಾಟಿದರೆ ಆಂಧ್ರ. ಹಿಂದೂಪುರವೆಂದರೆ ಹಿರಿಯ ಎನ್.ಟಿ. ರಾಮರಾವ್ 1985ರಿಂದ ಗೆದ್ದುಕೊಂಡು ಬಂದ ಕ್ಷೇತ್ರ. ಅವರ ನಂತರ 1996ರಲ್ಲಿ ಮಗ ಹರಿಕೃಷ್ಣ, 2014ರಿಂದ ಇನ್ನೊಬ್ಬ ಮಗ ಬಾಲಕೃಷ್ಣ ಅಲ್ಲಿ ಶಾಸಕರಾದರು. ಆ ಊರಿನ ಟಾಕೀಸಿನಲ್ಲಿ ಆ ಮನೆಯ ಸಿನಿಮಾ ನೋಡುವುದೆಂದರೆ ಜಾತ್ರೆಗೆ ಹೋದ ಹಾಗೆ. ಪರದೆಯ ಮುಂದೆ ಕರ್ಪೂರ ಹಚ್ಚುತ್ತಿದ್ದರು, ತೆಂಗಿನಕಾಯಿ ಒಡೆಯುತ್ತಿದ್ದರು. ಸುಮೋಗಳು ಗಾಳಿಯಲ್ಲಿ ಎಗರಿದಾಗ ನಾವೂ ಕುರ್ಚಿಯ ಮೇಲೆ ಹತ್ತಿ ನಿಲ್ಲುತ್ತಿದ್ದೆವು. ನಮ್ಮ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಬರಹ ಕನ್ನಡ. ಸಂತಕವಿ ಕೈವಾರದ ತಾತಯ್ಯನವರು ಎರಡರಲ್ಲೂ ಹಾಡಿದ ಸೀಮೆ ಇದು. ತೆಲುಗು ಸಿನಿಮಾ ನಮಗೆ ಪರಭಾಷೆಯ ಸಿನಿಮಾ ಎಂದು ಅನ್ನಿಸಿದ್ದೇ ಇಲ್ಲ.

ತ್ರಿವಿಕ್ರಮ್ ಮಾಡಿದ್ದು ಆ ಬಹುಮಾನವನ್ನು ಮೊದಲೇ ಕೊಟ್ಟುಬಿಡುವ ಕೆಲಸ. ನಾಯಕ ಯಾರು, ಎಂಥ ಶಕ್ತಿ ಅವನದು ಎಂಬುದನ್ನು ಬಚ್ಚಿಡುವುದಿಲ್ಲ. ಅರ್ಧ ಗಂಟೆಯೊಳಗೆ ಎಲ್ಲವನ್ನೂ ತೋರಿಸಿ, ರಕ್ತದಲ್ಲಿ ತೊಯ್ದ ಮೊಮ್ಮಗನನ್ನು ತಂದು ಅಜ್ಜಿಯ ಮುಂದೆ ನಿಲ್ಲಿಸುತ್ತಾರೆ. ಗಂಡನನ್ನೂ ಮಗನನ್ನೂ ಇದೇ ಜಗಳಕ್ಕೆ ಕೊಟ್ಟ ಆ ಮುದುಕಿ (ಸುಪ್ರಿಯಾ ಪಾಠಕ್ ಆ ಪಾತ್ರ ಮಾಡಿದ್ದಾರೆ) ಮೊಮ್ಮಗನ ಪರಾಕ್ರಮವನ್ನು ಹೊಗಳುವುದಿಲ್ಲ. ಇದು ನಿನ್ನ ತನಕ ಬಂತಲ್ಲ, ಇನ್ನಾದರೂ ನಿಲ್ಲುತ್ತದೆಯೇ ಎಂಬುದೇ ಅವಳ ದುಃಖ. ರಾಘವ ಮಚ್ಚು ಕೆಳಗಿಟ್ಟು ಹೈದರಾಬಾದಿಗೆ ಹೊರಟುಹೋಗುತ್ತಾನೆ. ಹಳೆಯ ಸಿನಿಮಾಗಳಲ್ಲಿ ನಾಯಕನ ಸಾಧುತನ ಒಂದು ವೇಷ. ನಾವು ಅದು ಕಳಚುವುದನ್ನೇ ಕಾಯುತ್ತೇವೆ. ಇಲ್ಲಿ ಅದೇ ಅವನು ಹಟ ಹಿಡಿದು ಮಾಡುವ ಕೆಲಸ. ಕೈಲಾಗುವವನು ಕೈ ಎತ್ತದೆ ಇರಲು ಒದ್ದಾಡುವುದನ್ನು ಎರಡು ಗಂಟೆ ನೋಡಬೇಕು. ತಾಳ್ಮೆ ಬೇಡುವ ಸಿನಿಮಾ, ನಿಜ. ಆದರೆ ತಾಳ್ಮೆಯೇ ಇದರ ವಸ್ತು.

ಸಮಾಧಾನದ ಮಾತು ಆಡಿದ ಮೊದಲ ಸಿನಿಮಾ ಇದಲ್ಲ. ಕೊರಟಾಲ ಶಿವ ಅವರ ‘ಮಿರ್ಚಿ’ 2013ರಲ್ಲೇ ಎದುರಾಳಿಯ ಮನೆಯೊಳಗೆ ಹೋಗಿ ಅವರ ಮನಸ್ಸು ತಿರುಗಿಸುವ ನಾಯಕನನ್ನು ತೋರಿಸಿತ್ತು. ಕನ್ನಡದಲ್ಲಿ ಸುದೀಪ್ ಅದನ್ನು ‘ಮಾಣಿಕ್ಯ’ ಎಂದು ತಂದರು. ರಾಜಮೌಳಿಯವರ ‘ಮರ್ಯಾದ ರಾಮನ್ನ’ ಇದೇ ಹಗೆಯನ್ನು ನಗೆಗೆ ತಿರುಗಿಸಿತ್ತು. ಅವೆರಡೂ ನನಗೆ ಇಷ್ಟವೇ. ಆದರೆ ಅವುಗಳಲ್ಲಿ ಗಂಡಸರು ಗಂಡಸರನ್ನು ತಿದ್ದುತ್ತಾರೆ. ‘ಅರವಿಂದ ಸಮೇತ’ದಲ್ಲಿ ಕಥೆಯ ದಾರಿ ತಿರುಗುವ ಕಡೆಯಲ್ಲೆಲ್ಲ ಒಬ್ಬ ಹೆಂಗಸು ನಿಂತಿದ್ದಾಳೆ: ಮೊದಲು ಅಜ್ಜಿ, ಆಮೇಲೆ ನಾಯಕಿ ಅರವಿಂದ, ಕೊನೆಗೆ ಬಸಿರೆಡ್ಡಿಯ ಹೆಂಡತಿ. ರಾಜಿಗೆ ಒಪ್ಪಿದ ಸ್ವಂತ ಮಗನನ್ನೇ ಬಸಿರೆಡ್ಡಿ ಕೊಂದು, ಆ ಕೊಲೆಯನ್ನು ರಾಘವನ ತಲೆಗೆ ಕಟ್ಟುವ ಘಟ್ಟ ನೋಡಿದಾಗ ನನಗೆ ಮೈ ನಡುಗಿತು. ಜಗಪತಿ ಬಾಬು ಗಾಯಗೊಂಡ ಗಂಟಲಿನ ಆ ಒಡಕು ದನಿಯಲ್ಲಿ ಹಗೆತನವನ್ನು ಒಂದು ಕಾಯಿಲೆಯ ಹಾಗೆ ಕಾಣಿಸಿದ್ದಾರೆ. ವೈರಿ ಸತ್ತರೂ ವಾಸಿಯಾಗದ ಕಾಯಿಲೆ ಅದು. ಕೊಲ್ಲಲು ಮನೆಯವರೇ ಆದರೂ ಆದೀತು.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. 2002ರ ಮಾರ್ಚಿಯಲ್ಲಿ ‘ಆದಿ’ ಬಂದಾಗ ಇದೇ ಎನ್‌ಟಿಆರ್‌ಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಹೆತ್ತವರನ್ನು ಕೊಂದವರ ಮೇಲೆ ಸೇಡು ತೀರಿಸಿಕೊಳ್ಳಲು ಸೀಮೆಗೆ ಮರಳುವ ಹುಡುಗನ ಪಾತ್ರ. ಮೀಸೆ ಸರಿಯಾಗಿ ಬಾರದ ಮುಖದಲ್ಲಿ ಆ ರೋಷ ನೋಡಿ ನಮ್ಮ ತಲೆಮಾರು ಹುಚ್ಚೆದ್ದು ಕುಣಿದಿತ್ತು. ಹದಿನಾರು ವರ್ಷದ ನಂತರ ಅದೇ ನಟ, ಅದೇ ಸೀಮೆ, ಅದೇ ತಂದೆಯ ಸಾವು, ಆದರೆ ಎದುರು ದಿಕ್ಕಿನ ಮಾತು. ಈ ಸಿನಿಮಾದ ಚಿತ್ರೀಕರಣ ನಡೆಯುತ್ತಿದ್ದ ಕಾಲದಲ್ಲೇ, 2018ರ ಆಗಸ್ಟ್ 29ರಂದು, ಅವರ ತಂದೆ ಹರಿಕೃಷ್ಣ ನಲ್ಗೊಂಡ ಜಿಲ್ಲೆಯಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಬಿಡುಗಡೆಗೆ ಮುಂಚಿನ ಸಮಾರಂಭದಲ್ಲಿ ತಂದೆಯನ್ನು ನೆನೆದು ಎನ್‌ಟಿಆರ್ ಕಣ್ಣೀರಾದುದನ್ನು ನಮ್ಮ ಕಡೆ ಎಲ್ಲರೂ ಮೊಬೈಲಿನಲ್ಲಿ ನೋಡಿದ್ದರು. ಪರದೆಯ ಮೇಲೆ ರಾಘವ ತಂದೆಯ ಹೆಣದ ಮುಂದೆ ಕುಳಿತಾಗ, ಅಷ್ಟು ಹೊತ್ತು ಸಿಳ್ಳೆ ಹೊಡೆದ ಹುಡುಗರು ಸುಮ್ಮನಾಗಿದ್ದು ನನಗೆ ನೆನಪಿದೆ.

ನನ್ನದು ಡಿಟಿಪಿ ಮತ್ತು ಮುದ್ರಣದ ಅಂಗಡಿ. ಮದುವೆಯ ಕಾರ್ಡು, ಗೃಹಪ್ರವೇಶದ ಕಾರ್ಡು, ಶ್ರದ್ಧಾಂಜಲಿಯ ಪೋಸ್ಟರು, ಹುಟ್ಟುಹಬ್ಬದ ಫ್ಲೆಕ್ಸು. ತೆಲುಗು ಸಿನಿಮಾ ಬಂತೆಂದರೆ ಅಭಿಮಾನಿ ಬಳಗಗಳ ಫ್ಲೆಕ್ಸು. ಈ ಕೆಲಸದಲ್ಲಿ ಒಂದು ಸಿನಿಮಾವನ್ನು ಊರು ಹೇಗೆ ಬರಮಾಡಿಕೊಳ್ಳುತ್ತದೆ ಎಂಬುದು ಚೆನ್ನಾಗಿ ಕಾಣುತ್ತದೆ. ಬಿಡುಗಡೆಗೆ ಮುಂಚೆ ಬಂದ ಹುಡುಗರಿಗೆಲ್ಲ ಬೇಕಿದ್ದದ್ದು ಒಂದೇ ಚಿತ್ರ: ಅಂಗಿ ಕಳಚಿ, ಗಟ್ಟಿ ಮೈಯಲ್ಲಿ, ಮಚ್ಚು ಹಿಡಿದು ಓಡಿ ಬರುವ ನಾಯಕ. ಕೆಳಗೆ ಸಾಲಾಗಿ ತಮ್ಮ ಪಾಸ್‌ಪೋರ್ಟ್ ಅಳತೆಯ ಮುಖಗಳು. ಮಚ್ಚಿನ ತುದಿಗೆ ಇನ್ನೂ ಸ್ವಲ್ಪ ಕೆಂಪು ಹಾಕಿ ಅಣ್ಣ ಎಂದು ಕೇಳಿ ಹಾಕಿಸಿಕೊಂಡವರಿದ್ದರು.

ಮೊದಲ ದಿನದ ಜನ ಅದೇ ಗುಂಗಿನಲ್ಲಿ ಟಾಕೀಸಿಗೆ ಹೋದರು. ಮೊದಲ ಹೊಡೆದಾಟಕ್ಕೆ ಕಾಗದದ ಚೂರುಗಳು ಹಾರಿದವು. ಮಧ್ಯಂತರದ ಹೊತ್ತಿಗೆ ಸದ್ದು ಇಳಿದಿತ್ತು. ಹೊರಗೆ ಬಂದ ಹುಡುಗರಲ್ಲಿ ಕೆಲವರಿಗೆ ಸಮಾಧಾನವಿರಲಿಲ್ಲ: ತ್ರಿವಿಕ್ರಮ್ ಸಿನಿಮಾದಲ್ಲಿ ನಗು ಇಲ್ಲ, ಕೊನೆಯಲ್ಲಿ ಮಾತು ಜಾಸ್ತಿ, ಹೊಡೆತ ಕಡಿಮೆ. ಆ ವರ್ಷದ ಜನವರಿಯಲ್ಲಿ ಅವರ ‘ಅಜ್ಞಾತವಾಸಿ’ ನೆಲಕಚ್ಚಿದ್ದರಿಂದ ಜನರಿಗೆ ಅನುಮಾನವೂ ಇತ್ತು. ಆದರೆ ಎಲ್ಲರೂ ಒಪ್ಪಿದ ಎರಡು ಸಂಗತಿಗಳಿದ್ದವು. ಒಂದು, ತಮನ್ ಅವರ ಹಿನ್ನೆಲೆ ಸಂಗೀತ. ಇನ್ನೊಂದು, ಎನ್‌ಟಿಆರ್ ಆಡಿದ ಸೀಮೆಯ ಮಾತು. ಆ ಭಾಷೆಯ ಹದಕ್ಕೆ ಸೀಮೆಯ ಜಾನಪದ ಗಾಯಕ ಪೆಂಚಲ್ ದಾಸ್ ನೆರವಾಗಿದ್ದರು; ‘ರೆಡ್ಡಮ್ಮ ತಲ್ಲಿ’ ಹಾಡನ್ನು ಬರೆದವರೂ ಅವರೇ. ಕೃಷ್ಣಾ ತೀರದ ತೆಲುಗನ್ನೇ ಪರದೆಯಲ್ಲಿ ಕೇಳಿಕೊಂಡು ಬಂದ ನಮಗೆ, ನಮ್ಮ ಅಜ್ಜಿಯರ ಬಾಯಿಯ ಮಾತಿಗೆ ಹತ್ತಿರದ ತೆಲುಗು ಕೇಳಿ ಮನಸ್ಸು ತುಂಬಿತು.

ಎರಡನೇ ವಾರದಲ್ಲಿ ನೋಟ ಬದಲಾಯಿತು. ದಸರಾ ರಜೆ, ಹೆಂಗಸರು ಗುಂಪಾಗಿ ಹೋಗತೊಡಗಿದರು. ಗಂಡನ ದಾರಿ ಕಾಯುವ ಹೆಂಡತಿಯ ‘ಪೆನಿವಿಟಿ’ (ಗಂಡ ಎಂದರ್ಥ) ಹಾಡು, ರಾಮಜೋಗಯ್ಯ ಶಾಸ್ತ್ರಿಗಳು ಬರೆದು ಕಾಲಭೈರವ ಹಾಡಿದ್ದು, ತರಕಾರಿ ಟೆಂಪೋಗಳಲ್ಲೂ ಕೇಳಿಸುತ್ತಿತ್ತು. ಆಟೋದವರೊಬ್ಬರು ಬಂದು ಆ ಒಂದು ಪದವನ್ನು ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಸ್ಟಿಕ್ಕರ್ ಮಾಡಿಸಿಕೊಂಡು ಹಿಂದಿನ ಗಾಜಿಗೆ ಅಂಟಿಸಿದರು. ಮಚ್ಚು ಬೇಡವೇ ಎಂದು ಕೇಳಿದರೆ, ಮನೆಯವಳು ಬೈಯುತ್ತಾಳೆ ಎಂದರು.

ನಮ್ಮ ಚಿಕ್ಕಮ್ಮ ಈ ಸಿನಿಮಾ ನೋಡಿದ್ದು ಆ ವಾರದಲ್ಲೇ. ಅವರನ್ನು ಧರ್ಮಾವರದ ಆಚೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಚಿಕ್ಕಪ್ಪ ಅಲ್ಲಿನ ದೊಡ್ಡ ಮನುಷ್ಯರೊಬ್ಬರ ಜೀಪು ಓಡಿಸುತ್ತಿದ್ದರು. ಯಾರ ಮೇಲೂ ಅವರಿಗೆ ಹಗೆಯಿರಲಿಲ್ಲ, ಅವರ ಮೇಲೂ ಯಾರಿಗೂ ಇರಲಿಲ್ಲ. ಒಂದು ದಿನ ದಾರಿಯಲ್ಲಿ ಜೀಪಿಗೆ ನಾಟು ಬಾಂಬು ಬಿತ್ತು. ಒಡೆಯರು ಅಂದು ಜೀಪಿನಲ್ಲೇ ಇರಲಿಲ್ಲ. ಹನ್ನೊಂದನೆಯ ದಿನ ಅವರು ಬಂದು ಬಟ್ಟೆಯನ್ನೂ ಒಂದಿಷ್ಟು ಹಣವನ್ನೂ ಇಟ್ಟು, ಇದಕ್ಕೆ ಬದಲು ತೀರಿಸದೆ ಬಿಡುವುದಿಲ್ಲ ಎಂದು ಹೇಳಿ ಹೋದರು. ಚಿಕ್ಕಮ್ಮ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಗೌರಿಬಿದನೂರಿಗೆ ಬಂದುಬಿಟ್ಟರು. ಅಲ್ಲಿಂದ ಇಲ್ಲಿಯವರೆಗೆ ದೊಡ್ಡಬಳ್ಳಾಪುರದ ಕಡೆಯ ಗಾರ್ಮೆಂಟ್ಸ್ ಕೆಲಸ. ಬೆಳಕು ಹರಿಯುವ ಮುಂಚೆ ಬಸ್ಸು. ಗಂಡನ ಪಾಲಿನ ಹೊಲವಿದ್ದರೂ ಮಕ್ಕಳನ್ನು ಆ ಕಡೆ ಕಳಿಸಲಿಲ್ಲ. ಕೆಲವು ವರ್ಷಗಳ ನಂತರ ಆ ದೊಡ್ಡ ಮನುಷ್ಯರೂ ಅವರ ವೈರಿಯೂ ಒಂದೇ ಪಕ್ಷಕ್ಕೆ ಸೇರಿ ಒಂದೇ ವೇದಿಕೆಯಲ್ಲಿ ಹಾರ ಹಾಕಿಸಿಕೊಂಡರು. ಆ ಫೋಟೊ ಪತ್ರಿಕೆಯಲ್ಲಿ ಬಂದಿತ್ತು. ರಾಜಿಯ ದಿನ ಚಿಕ್ಕಮ್ಮನನ್ನು ಯಾರೂ ಕರೆದಿರಲಿಲ್ಲ.

ಕಾರ್ಖಾನೆಯ ಗೆಳತಿಯರ ಒತ್ತಾಯಕ್ಕೆ ಅವರು ಆ ಭಾನುವಾರ ಹೊರಟರು, ನಾನೂ ಜೊತೆಗೆ ಹೋದೆ. ಮೊದಲ ಹೊಡೆದಾಟ ಶುರುವಾದ ಕೂಡಲೇ ಎದ್ದು ಹೊರಗೆ ಹೋಗಿ ನೀರಿನ ತೊಟ್ಟಿಯ ಬಳಿ ನಿಂತರು. ಸದ್ದು ನಿಂತ ಮೇಲೆ ಒಳಗೆ ಬಂದರು. ಅಜ್ಜಿಯ ದೃಶ್ಯದಲ್ಲಿ, ಆಮೇಲೆ ಆ ಹಾಡಿನಲ್ಲಿ, ಸುತ್ತ ಕುಳಿತ ಹೆಂಗಸರು ಮೂಗು ಒರೆಸಿಕೊಳ್ಳುತ್ತಿದ್ದರು. ಚಿಕ್ಕಮ್ಮ ಅಳಲಿಲ್ಲ. ಸೆರಗಿನ ತುದಿಯಲ್ಲಿ ದುಡ್ಡು ಕಟ್ಟಿಕೊಂಡಿದ್ದ ಗಂಟನ್ನು ಬಿಚ್ಚಿ, ಮತ್ತೆ ಬಿಗಿದು, ಮತ್ತೆ ಬಿಚ್ಚುತ್ತ ಪರದೆಯನ್ನೇ ನೋಡುತ್ತಿದ್ದರು. ಹಾಡು ಮುಗಿದ ಮೇಲೂ ಬೆರಳು ನಿಲ್ಲಲಿಲ್ಲ.

ಮನೆಗೆ ನಡೆದು ಬರುವಾಗ ಕೇಳಿದರು: “ಆ ಅಜ್ಜಿ ಮೊಮ್ಮಗನಿಗೆ ಹೇಳಿದ್ದನ್ನು ಮಗನಿಗೆ ಯಾಕೆ ಹೇಳಲಿಲ್ಲಪ್ಪ?”

ನಾನು ಉತ್ತರ ಹುಡುಕುವಷ್ಟರಲ್ಲಿ ಅವರೇ ಹೇಳಿದರು: “ಹೇಳಿರುತ್ತಾಳೆ. ಅವನು ಕೇಳಿರುವುದಿಲ್ಲ. ಇವನು ಹೊರಗೆ ಬೆಳೆದವನು, ಅದಕ್ಕೇ ಕಿವಿಗೆ ಬಿತ್ತು.”

ಸ್ವಲ್ಪ ದೂರ ನಡೆದ ಮೇಲೆ, “ನಾನು ಮಕ್ಕಳನ್ನು ಕರೆದುಕೊಂಡು ಬಂದದ್ದು ಅದಕ್ಕೇ” ಎಂದರು. ಆ ವಿಷಯವಾಗಿ ಅವರು ಅಷ್ಟು ಮಾತನಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಒಂದು ಸಿನಿಮಾ ಇಷ್ಟು ಮಾಡಿದರೆ ಅದಕ್ಕೆ ನಾನು ಋಣಿ. ವಿಮರ್ಶೆಗಳಲ್ಲಿ ಎಷ್ಟು ಚುಕ್ಕಿ ಕೊಟ್ಟರು ಎಂಬುದು ನನಗೆ ಮುಖ್ಯವಲ್ಲ.

ಋಣವಿದೆ ಎಂದು ತಕರಾರು ಹೇಳದೆ ಇರಲಾರೆ. ಈ ಸಿನಿಮಾದ ಶಾಂತಿ ಬಲಶಾಲಿಯ ಶಾಂತಿ. ಒಬ್ಬನೇ ಅಷ್ಟು ಜನರನ್ನು ಕೆಡವಬಲ್ಲ ಎಂದು ಸಾಬೀತಾದ ಮೇಲಷ್ಟೇ ಅವನ ಸಮಾಧಾನದ ಮಾತಿಗೆ ತೂಕ ಬರುತ್ತದೆ. ಯುದ್ಧ ಮಾಡಬಲ್ಲವನಿಗೇ ಶಾಂತಿ ಕೇಳುವ ಹಕ್ಕು ಎಂಬ ನಂಬಿಕೆ ಕಥೆಯುದ್ದಕ್ಕೂ ಇದೆ. ಹಾಗಾದರೆ ಚಿಕ್ಕಪ್ಪನಂಥವರು? ಮಚ್ಚು ಎತ್ತಲಾರದವರು, ಎತ್ತಲು ಮನಸ್ಸಿಲ್ಲದವರು ಶಾಂತಿಯನ್ನು ಯಾರಲ್ಲಿ ಕೇಳಬೇಕು? ಅವರ ಮನೆಯ ಕಥೆ ಇಲ್ಲಿ ಒಂದು ಹಾಡಿನ ಆಚೆಗೆ ಬೆಳೆಯುವುದಿಲ್ಲ. ಕೊನೆಯಲ್ಲಿ ಬಸಿರೆಡ್ಡಿಯ ಹೆಂಡತಿಯನ್ನು ಮುಂದೆ ನಿಲ್ಲಿಸಿದ್ದು ದೊಡ್ಡ ಮನಸ್ಸಿನ ತೀರ್ಮಾನ, ಆದರೆ ಅವಳೂ ದೊಡ್ಡ ಮನೆಯವಳೇ.

ಸಿನಿಮಾದ ಹಗೆ ಸಮಾನರ ನಡುವಿನದು: ಎರಡು ಮನೆ, ಎರಡು ಮೀಸೆ, ಎರಡು ಸಾಲು ವಾಹನ. ನಮ್ಮ ನೆಲದಲ್ಲಿ ಅದು ಹಾಗಿರುವುದಿಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೇ ಸುಟ್ಟು ಕೊಂದರು. ಆಗ ಅದು ಕೋಲಾರ ಜಿಲ್ಲೆ; ಚಿಕ್ಕಬಳ್ಳಾಪುರ ಬೇರೆಯಾದದ್ದು 2007ರಲ್ಲಿ. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಂಬಾಲಪಲ್ಲಿ ನಡೆದ ಮರುವರ್ಷವೇ ನಾವು ಟಾಕೀಸಿನಲ್ಲಿ ನರಸಿಂಹ ನಾಯ್ಡುವಿನ ಮಚ್ಚಿಗೆ ಸಿಳ್ಳೆ ಹೊಡೆದಿದ್ದೆವು. ಎರಡನ್ನೂ ಒಟ್ಟಿಗೆ ಯೋಚಿಸುವವರು ನಮ್ಮ ನಡುವೆ ಇರಲಿಲ್ಲ. ಸೇಡು ಮೇಲಿನಿಂದ ಕೆಳಗೆ ಇಳಿದಾಗ ಅದಕ್ಕೆ ಹಿನ್ನೆಲೆ ಸಂಗೀತ ಇರುವುದಿಲ್ಲ, ಎದುರು ನಿಲ್ಲುವ ನಾಯಕನೂ ಇರುವುದಿಲ್ಲ.

ಸೀಮೆಯವರ ಇನ್ನೊಂದು ನೋವನ್ನೂ ನಾನು ಒಪ್ಪುತ್ತೇನೆ. ರಾಯಲಸೀಮೆ ಎಂದರೆ ಬಾಂಬು, ಮಚ್ಚು ಎಂದು ಇಡೀ ದೇಶಕ್ಕೆ ಕಲಿಸಿದ್ದು ಸಿನಿಮಾ. ಆ ನೆಲದ ದೊಡ್ಡ ಕಥೆ ನೀರಿನದು. ಅನಂತಪುರದ ಕಡೆ ಮಳೆ ನಂಬಿ ಕಡಲೆಕಾಯಿ ಬಿತ್ತುವವನ ಪಾಡು ನಮ್ಮ ಪಾವಗಡ, ಬಾಗೇಪಲ್ಲಿಯವರ ಪಾಡೇ. ಕೊಳವೆ ಬಾವಿ ಸಾವಿರ ಅಡಿ ದಾಟಿದರೂ ಒಣ ಮಣ್ಣು ಬರುವ ಊರುಗಳಲ್ಲಿ ಹುಡುಗರು ಕೆಲಸಕ್ಕೆ ಬೆಂಗಳೂರಿನ ರೈಲು ಹತ್ತುತ್ತಾರೆ. ಅವರನ್ನೆಲ್ಲ ಮಚ್ಚಿನವರು ಎಂದು ತೋರಿಸುವುದು ಅನ್ಯಾಯ. ‘ಅರವಿಂದ ಸಮೇತ’ ಆ ಅಚ್ಚನ್ನು ಪೂರ್ತಿ ಮುರಿಯುವುದಿಲ್ಲ. ಅದರೊಳಗೇ ಕುಳಿತು ಸಾಕು ಎನ್ನುತ್ತದೆ.

ಎನ್‌ಟಿಆರ್ ಮೇಲಿನ ಪ್ರೀತಿ ನಮ್ಮ ಜಿಲ್ಲೆಯಲ್ಲಿ ಕಡಿಮೆಯಾಗಿಲ್ಲ. ಅವರ ತಾಯಿ ಕುಂದಾಪುರದವರು ಎಂಬ ಅಕ್ಕರೆಯೂ ಸೇರಿದೆ. 2022ರ ಮಾರ್ಚಿಯಲ್ಲಿ ‘ಆರ್‌ಆರ್‌ಆರ್’ ಬಿಡುಗಡೆಗೆ ಮುಂಚಿನ ಸಮಾರಂಭ ಚಿಕ್ಕಬಳ್ಳಾಪುರದಲ್ಲೇ ನಡೆದಾಗ ಜನಸಾಗರ ಸೇರಿತ್ತು. ಮರುವರ್ಷದ ಮೇ 20ಕ್ಕೆ, ಅವರ ಹುಟ್ಟುಹಬ್ಬದಂದು, ‘ಸಿಂಹಾದ್ರಿ’ ಮತ್ತೆ ತೆರೆಗೆ ಬಂತು. ಆಗ ನನ್ನ ಅಂಗಡಿಗೆ ಬಂದ ಹುಡುಗರು ಆ ಸಿನಿಮಾ ಮೊದಲು ಬಂದಾಗ ಹುಟ್ಟೇ ಇರಲಿಲ್ಲ. ಅವರಿಗೂ ಮಚ್ಚೇ ಬೇಕಿತ್ತು, ಮಾಡಿಕೊಟ್ಟೆ. ಜೊತೆಗೆ, ಮೊಬೈಲಿನಲ್ಲಿ ‘ಅರವಿಂದ ಸಮೇತ’ವನ್ನು ಮಧ್ಯಂತರದ ನಂತರ ಓಡಿಸದೆ ನೋಡಿ ಎಂದೂ ಹೇಳಿದೆ. ಒಬ್ಬ ಹುಡುಗ ನೋಡಿ ಬಂದು, ಬಸಿರೆಡ್ಡಿ ಮಗನನ್ನು ಕೊಲ್ಲುವುದು ಯಾಕೆ ಎಂದು ಅಂಗಡಿಯಲ್ಲೇ ನಿಂತು ಬಹಳ ಹೊತ್ತು ಚರ್ಚೆ ಮಾಡಿದ.

ನನಗೆ ಇನ್ನೊಂದು ಸಿನಿಮಾ ಬೇಕು. ಜೀಪು ಓಡಿಸುವವನ ಮನೆಯಿಂದ ಶುರುವಾಗಬೇಕು. ಒಡೆಯರಿಬ್ಬರ ರಾಜಿಯ ಸುದ್ದಿಯನ್ನು ಅವನ ಹೆಂಡತಿ ಪತ್ರಿಕೆಯಲ್ಲಿ ಓದುವ ದೃಶ್ಯ ಇರಬೇಕು, ಆ ಮೇಲೆ ಅವಳು ಆ ವೇದಿಕೆಗೆ ಹೋಗಿ ಏನು ಕೇಳುತ್ತಾಳೆ ಎಂಬುದೂ ಇರಬೇಕು. ತೆಲುಗಿನಲ್ಲಿ ಬರಲಿ, ಕನ್ನಡದಲ್ಲಿ ಬರಲಿ, ಅದರ ಫ್ಲೆಕ್ಸಿಗೆ ನಾನು ಯಾರ ಹತ್ತಿರವೂ ದುಡ್ಡು ತೆಗೆದುಕೊಳ್ಳುವುದಿಲ್ಲ. ಚಿಕ್ಕಮ್ಮನಿಗೂ ಹೇಳಿದ್ದೇನೆ. ಆ ಹೆಂಗಸಿನ ಪಾತ್ರ ಯಾರು ಮಾಡುತ್ತಾರೆ ಎಂದು ಮೊದಲು ತಿಳಿದುಕೊಂಡು ಬಾ, ಆಮೇಲೆ ನೋಡೋಣ ಎಂದಿದ್ದಾರೆ.